ಕಸ ಯಾರದು, ಪೊರಕೆ ಯಾರದು?

1901ರ ಡಿಸೆಂಬರ್ ತಿಂಗಳ ಕೊನೆಯ ವಾರ. ಕಲ್ಕತ್ತೆಯಲ್ಲಿ ಕಾಂಗ್ರೆಸ್ ಅಧಿವೇಶನ. ದೇಶದ ನಾನಾ ಭಾಗಗಳಿಂದ ಬಂದಿದ್ದ ಪ್ರತಿನಿಧಿಗಳಲ್ಲಿ ಹಲವರಿಗೆ ರಿಪನ್ ಕಾಲೇಜಿನಲ್ಲಿ ವಸತಿ ಕಲ್ಪಿಸಲಾಗಿತ್ತು. ಜನ ಹೆಚ್ಚು, ಕಕ್ಕಸುಗಳು ಕಡಿಮೆ. ಎಲ್ಲೆಲ್ಲೂ ದುರ್ನಾತ. ರಾತ್ರಿ ಹೊತ್ತು ಕೊಠಡಿಯ ಮುಂದಿನ ಜಗಲಿಯನ್ನೇ ಬಳಸುತ್ತಿದ್ದ ಮಹನೀಯರೂ ಇದ್ದರು. ದಕ್ಷಿಣ ಆಫ್ರಿಕದಿಂದ ಬಂದಿದ್ದ 32 ವರ್ಷದ ವಕೀಲರೊಬ್ಬರು ಸ್ವಯಂಸೇವಕರನ್ನು ಕರೆದು ಆ ಹೊಲಸನ್ನು ತೋರಿಸಿದರು. ‘ಅದು ನಮ್ಮ ಕೆಲಸವಲ್ಲ, ಜಾಡಮಾಲಿಯ ಕೆಲಸ’ ಎಂಬ ಉತ್ತರ ಬಂತು. ವಕೀಲರು ಒಂದು ಪೊರಕೆ ಕೇಳಿದರು. ಕೇಳಿಸಿಕೊಂಡವನು ಕಣ್ಣರಳಿಸಿ ನೋಡಿದ. ಕೊನೆಗೆ ಅವರೇ ಎಲ್ಲಿಂದಲೋ ಪೊರಕೆ ಹುಡುಕಿ ತಂದು ಕಕ್ಕಸನ್ನು ತೊಳೆದರು.

ಆ ವಕೀಲರ ಹೆಸರು ಮೋಹನದಾಸ ಕರಮಚಂದ ಗಾಂಧಿ. ಈ ಪ್ರಸಂಗವನ್ನು ಬಹಳ ಮಂದಿ ಬಲ್ಲರು. ಆದರೆ ಅದರ ಉಳಿದರ್ಧ ಅಷ್ಟು ಪರಿಚಿತವಲ್ಲ. ಅವರು ಶುಚಿ ಮಾಡಿದ್ದು ತಮ್ಮ ಬಳಕೆಗೆ ಬೇಕಾದಷ್ಟನ್ನು ಮಾತ್ರ. ಇಡೀ ಶಿಬಿರದ ಕಕ್ಕಸುಗಳನ್ನು ದಿನಕ್ಕೆ ಹಲವು ಸಲ ತೊಳೆಯುವುದು ಒಬ್ಬರಿಂದ ಆಗುವ ಮಾತಾಗಿರಲಿಲ್ಲ. ಅದನ್ನು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಒಬ್ಬನ ಪೊರಕೆಯಿಂದ ಊರು ಶುಚಿಯಾಗುವುದಿಲ್ಲ; ಹಾಗಾದರೆ ಎಷ್ಟು ಜನ ಬೇಕು, ಯಾರು ಬೇಕು, ಎಷ್ಟು ದಿನ ಬೇಕು? ಸ್ವಂತ ಇಚ್ಛೆಯಿಂದ ಬೀದಿಯ ಕಸ ಎತ್ತುವವರ ಚರಿತ್ರೆಯೆಲ್ಲ ಈ ಮೂರು ಪ್ರಶ್ನೆಗಳ ಸುತ್ತ ತಿರುಗುತ್ತದೆ. ಆ ಚರಿತ್ರೆಯಲ್ಲಿ ನಮ್ಮ ಬೆಳಗಾವಿಗೂ ಒಂದು ದೊಡ್ಡ ಪಾಲಿದೆ.

ಅಂಗಳದ ಗೆರೆ

ನಮ್ಮ ಮನೆಗಳಲ್ಲಿ ಗುಡಿಸುವ ಕೆಲಸಕ್ಕೆ ಎಂದೂ ಬರವಿಲ್ಲ. ಬೆಳಗಾದರೆ ಬಾಗಿಲ ಮುಂದೆ ನೀರು ಚಿಮುಕಿಸಿ, ಸಾರಿಸಿ, ರಂಗೋಲಿ ಇಡುವುದು ಇಂದಿಗೂ ನಡೆದಿದೆ. ಹಳ್ಳಿಯಲ್ಲಿ ಕಸ ತಿಪ್ಪೆಗೆ ಸೇರುತ್ತಿತ್ತು. ತಿಪ್ಪೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ತೊಂದರೆ ಇದ್ದುದು ಅಂಗಳದ ಗೆರೆಯಾಚೆ. ಅಲ್ಲಿನದು ‘ಊರಿನದು’, ಅಂದರೆ ಯಾರದೂ ಅಲ್ಲ. ಅದನ್ನು ಎತ್ತುವ ಹೊಣೆಯನ್ನು ಹುಟ್ಟಿನಿಂದಲೇ ಒಂದು ಜಾತಿಗೆ ಕಟ್ಟಿಬಿಟ್ಟ ಸಮಾಜದಲ್ಲಿ ಉಳಿದವರು ಕಸವನ್ನು ಕಂಡೂ ಕಾಣದಂತೆ ನಡೆಯುವುದನ್ನು ಕಲಿತರು.

ಈ ಗೆರೆಯನ್ನು ಅಳಿಸಲು ನೋಡಿದವರು ನಮ್ಮಲ್ಲಿ ಹಿಂದೆಯೂ ಇದ್ದರು. 12ನೆಯ ಶತಮಾನದ ಶರಣೆ ಸತ್ಯಕ್ಕನದು ಶಿವಭಕ್ತರ ಮನೆಯಂಗಳ ಗುಡಿಸುವ ಕಾಯಕ. ಶಿವಮೊಗ್ಗ ಜಿಲ್ಲೆಯ ಜಂಬೂರಿನ ಈ ಹೆಣ್ಣುಮಗಳು ವಚನಗಳನ್ನೂ ರಚಿಸಿದಳು. ಕಸಬರಿಗೆಯೂ ವಚನವೂ ಒಂದೇ ಕೈಯಲ್ಲಿ ಇರಬಹುದೆಂದು ತೋರಿಸಿದ ಕಾಲ ಅದು. ಆದರೆ ಆ ಪರಂಪರೆ ಊರಿನ ಬೀದಿಯ ಪದ್ಧತಿಯಾಗಿ ಬೆಳೆಯಲಿಲ್ಲ.

ಗಾಂಧೀಜಿ ಈ ವಿಷಯಕ್ಕೆ ಕೈಹಾಕಿದ್ದು ಕಲ್ಕತ್ತೆಗಿಂತ ಮೊದಲೇ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅವರು ರಾಜಕೋಟೆಯಲ್ಲಿದ್ದರು. ಊರಿನ ನೈರ್ಮಲ್ಯ ಸಮಿತಿಗೆ ಸೇರಿ ಮನೆಮನೆಯ ಕಕ್ಕಸುಗಳನ್ನು ಪರಿಶೀಲಿಸಲು ಹೊರಟರು. ಅಸ್ಪೃಶ್ಯರ ಕೇರಿಗೂ ಹೋಗೋಣವೆಂದಾಗ ಸಮಿತಿಯವರಲ್ಲಿ ಒಬ್ಬರು ಮಾತ್ರ ಜೊತೆಗೆ ಬಂದರು. ಅಲ್ಲಿ ಕಂಡದ್ದು ಸೆಗಣಿಯಿಂದ ಸಾರಿಸಿದ ನೆಲ, ಬೆಳಗಿ ಇಟ್ಟ ನಾಲ್ಕಾರು ಪಾತ್ರೆ. ಹೊಲಸು ಇದ್ದುದು ಸಿರಿವಂತರ ಮನೆಗಳ ಕತ್ತಲ ಕಕ್ಕಸುಗಳಲ್ಲಿ. ಕೊಳೆ ಯಾರದು ಎಂಬ ಬಗ್ಗೆ ಮೇಲುಜಾತಿಯವರಿಗಿದ್ದ ನಂಬಿಕೆ ಬುಡಮೇಲಾಗಿತ್ತು.

ಹರಿದ್ವಾರದಿಂದ ಚಂಪಾರಣಕ್ಕೆ

ಒಬ್ಬರ ಕೆಲಸ ಒಂದು ತಂಡದ ಕೆಲಸವಾದದ್ದು 1915ರಲ್ಲಿ. ಆ ವರ್ಷ ಹರಿದ್ವಾರದಲ್ಲಿ ಕುಂಭಮೇಳ. ಯಾತ್ರಿಕರ ನೆರವಿಗೆ ಗೋಪಾಲಕೃಷ್ಣ ಗೋಖಲೆಯವರ ‘ಭಾರತ ಸೇವಕ ಸಮಾಜ’ ಸ್ವಯಂಸೇವಕರ ತಂಡ ಕಳುಹಿಸಿತ್ತು. ಪಂಡಿತ ಹೃದಯನಾಥ ಕುಂಜ್ರು ಅದರ ಮುಖಂಡರು, ಡಾ. ದೇವ್ ವೈದ್ಯರು. ದಕ್ಷಿಣ ಆಫ್ರಿಕದ ಫೀನಿಕ್ಸ್ ಆಶ್ರಮದಿಂದ ಬಂದಿದ್ದ ಗಾಂಧೀಜಿಯ ಸಂಗಡಿಗರೂ ಅಲ್ಲಿ ಸೇರಿಕೊಂಡರು. ಶೌಚಕ್ಕೆಂದು ತೋಡಿದ್ದ ಗುಂಡಿಗಳಲ್ಲಿ ಮಲದ ಮೇಲೆ ಮಣ್ಣು ಮುಚ್ಚುವ ಹೊಣೆಯನ್ನು ತಾವಾಗಿ ಕೇಳಿ ಪಡೆದರು.

ಕೆಲಸ ಸರಳವೆನಿಸಿದರೂ ಅದರ ಹಿಂದೆ ತಿಳಿವಳಿಕೆ ಇತ್ತು. ಲಕ್ಷಗಟ್ಟಲೆ ಜನ ಸೇರುವ ಜಾತ್ರೆಗಳಲ್ಲಿ ಕಾಲರಾ ಹಬ್ಬುವುದು ಆಗ ಸಾಮಾನ್ಯ. ಒಂದು ಹಿಡಿ ಒಣಮಣ್ಣು ಬಿದ್ದರೆ ನೊಣ ಕೂರುವುದಿಲ್ಲ, ನಾತ ಏಳುವುದಿಲ್ಲ, ಕೆಲವು ತಿಂಗಳಲ್ಲಿ ಅದೇ ಗೊಬ್ಬರವೂ ಆಗುತ್ತದೆ. ಗಾಂಧೀಜಿ ಮುಂದೆ ಎಲ್ಲ ಆಶ್ರಮಗಳಲ್ಲೂ ಈ ಪದ್ಧತಿಯನ್ನು ಕಡ್ಡಾಯ ಮಾಡಿದರು. ಹರಿದ್ವಾರದಲ್ಲಿ ಮಾತ್ರ ಅವರಿಗೆ ಪೊರಕೆ ಹಿಡಿಯಲು ಬಿಡುವೇ ಸಿಗಲಿಲ್ಲ. ದರ್ಶನಕ್ಕೆ ಬಂದವರ ನಡುವೆ ಡೇರೆಯಲ್ಲೇ ಕೂರಬೇಕಾಯಿತು. ನಾಯಕನ ಹೆಸರು ಮುಂದೆ, ಕೆಲಸ ಮಾಡುವ ಕೈಗಳು ಹಿಂದೆ ಎಂಬುದು ಆಗಲೇ ಶುರುವಾಗಿತ್ತು.

ಎರಡು ವರ್ಷಗಳ ನಂತರ, 1917ರಲ್ಲಿ, ಬಿಹಾರದ ಚಂಪಾರಣ. ನೀಲಿ ಬೆಳೆಯ ತೋಟಗಾರರ ದಬ್ಬಾಳಿಕೆಯ ವಿಚಾರಣೆಗೆಂದು ಹೋದ ಗಾಂಧೀಜಿ ಅಲ್ಲಿ ಶಾಲೆ ತೆರೆಯಲು ನಿರ್ಧರಿಸಿದರು. ಕಲಿಸುವವರು ಬೇಕೆಂದು ನಾನಾ ಕಡೆ ಪತ್ರ ಬರೆದರು. ಬೆಳಗಾವಿಯಿಂದ ಗಂಗಾಧರರಾವ್ ದೇಶಪಾಂಡೆಯವರು ಬಾಬಾಸಾಹೇಬ ಸೋಮಣ ಮತ್ತು ಪುಂಡಲೀಕರನ್ನು ಕಳುಹಿಸಿಕೊಟ್ಟರು. ಮುಂಬಯಿಯಿಂದ ಅವಂತಿಕಾಬಾಯಿ ಗೋಖಲೆ, ಪುಣೆಯಿಂದ ಆನಂದಿಬಾಯಿ ವೈಶಂಪಾಯನ ಬಂದರು. ಕಸ್ತೂರಬಾ ಬಂದರು. ಆರು ತಿಂಗಳ ಮಟ್ಟಿಗೆ ಡಾ. ದೇವ್ ಬಂದರು.

ಮಕ್ಕಳಿಗೆ ಅಕ್ಷರ ಕಲಿಸುವುದರ ಜೊತೆಗೆ ಈ ತಂಡ ಮಾಡಿದ್ದು ಬೀದಿ ಗುಡಿಸುವ ಕೆಲಸ. ಓಣಿ, ಅಂಗಳಗಳನ್ನು ಗುಡಿಸಿದರು. ಬಾವಿಯ ಹೂಳು ತೆಗೆದರು. ನೀರು ನಿಂತ ಗುಂಡಿಗಳನ್ನು ಮುಚ್ಚಿದರು. ಊರಿನವರೇ ಕೈಜೋಡಿಸುವಂತೆ ಮಾಡಲು ಯತ್ನಿಸಿದರು. ಕೆಲವು ಹಳ್ಳಿಗಳಲ್ಲಿ ಜನ ಉತ್ಸಾಹದಿಂದ ಬಂದರು, ಕೆಲವೆಡೆ ಮುಖ ಸಿಂಡರಿಸಿದರು. ಭಿತಿಹರ್ವಾ ಎಂಬ ಹಳ್ಳಿಯ ಬಳಿ ಹೆಂಗಸರ ಬಟ್ಟೆ ಕೊಳೆಯಾಗಿರುವುದನ್ನು ಕಂಡು, ಏಕೆ ಒಗೆಯುವುದಿಲ್ಲವೆಂದು ಕಸ್ತೂರಬಾ ವಿಚಾರಿಸಿದರು. ಒಬ್ಬ ಹೆಣ್ಣುಮಗಳು ಗುಡಿಸಲಿನೊಳಗೆ ಕರೆದೊಯ್ದು ತೋರಿಸಿದಳು: ಪೆಟ್ಟಿಗೆಯಿಲ್ಲ, ಗೂಟದ ಮೇಲೆ ಬಟ್ಟೆಯಿಲ್ಲ. ಉಟ್ಟ ಸೀರೆ ಒಂದೇ. ಅದನ್ನು ಒಗೆದು ಹಾಕಿದರೆ ಉಡಲು ಏನೂ ಇಲ್ಲ. ಶುಚಿತ್ವದ ಉಪದೇಶ ಮಾಡುವವರು ಮರೆಯಬಾರದ ಪಾಠವಿದು.

ಚಂಪಾರಣದ ಕೆಲಸ ಹೆಚ್ಚು ಕಾಲ ನಿಲ್ಲಲಿಲ್ಲ. ಹೊರಗಿನಿಂದ ಬಂದವರು ಹೊರಟು ಹೋದರು, ಸ್ಥಳೀಯರಲ್ಲಿ ಮುಂದುವರಿಸುವವರು ಸಾಕಷ್ಟು ಸಿಗಲಿಲ್ಲ. ಅದನ್ನು ಶಾಶ್ವತ ತಳಹದಿಯ ಮೇಲೆ ನಿಲ್ಲಿಸಲಾಗಲಿಲ್ಲವೆಂಬ ಕೊರಗು ಗಾಂಧೀಜಿಗೆ ಉಳಿಯಿತು.

ಬೆಳಗಾವಿಯ ಡಿಸೆಂಬರ್

ಕಲ್ಕತ್ತೆಯ ಆ ಪ್ರಶ್ನೆಗೆ ಒಂದು ಸಿದ್ಧತೆಯ ಉತ್ತರ ಸಿಕ್ಕಿದ್ದು 23 ವರ್ಷಗಳ ನಂತರ, ಕರ್ನಾಟಕದ ನೆಲದಲ್ಲಿ. 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆದದ್ದು ಕಾಂಗ್ರೆಸ್ಸಿನ 39ನೆಯ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವೂ ಅದೇ. ಚಂಪಾರಣಕ್ಕೆ ಕಾರ್ಯಕರ್ತರನ್ನು ಕಳುಹಿಸಿದ್ದ ಗಂಗಾಧರರಾವ್ ದೇಶಪಾಂಡೆಯವರೇ ಇಲ್ಲಿ ಸ್ವಾಗತ ಸಮಿತಿಯ ಅಧ್ಯಕ್ಷರು. ಅಧಿವೇಶನದ ನಗರಕ್ಕೆ ಇಟ್ಟ ಹೆಸರು ‘ವಿಜಯನಗರ’. ನೀರಿನ ಅಭಾವ ನೀಗಲು ಬಾವಿಯೊಂದನ್ನು ತೋಡಿದರು. ಅದಕ್ಕೆ ‘ಪಂಪಾ ಸರೋವರ’ ಎಂದು ಹೆಸರಾಯಿತು. ಕಾಂಗ್ರೆಸ್ ಬಾವಿ ಎಂದು ಜನ ಕರೆಯುವುದು ಅದನ್ನೇ.

ಸ್ವಯಂಸೇವಕರ ನಾಯಕತ್ವ ಡಾ. ನಾ. ಸು. ಹರ್ಡೀಕರರದು. ಹಿಂದಿನ ವರ್ಷ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ತರುಣರ ತಂಡದೊಡನೆ ಸೆರೆಮನೆ ಕಂಡು ಬಂದಿದ್ದ ಅವರು, 1923ರ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದುಸ್ತಾನಿ ಸೇವಾದಳಕ್ಕೆ ಅಡಿಪಾಯ ಹಾಕಿದ್ದರು. ಕಲ್ಕತ್ತೆಯಲ್ಲಿ ಒಬ್ಬರಿಗೆ ಹೇಳಿದ ಕೆಲಸವನ್ನು ಅವರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ ದಾಟಿಸುತ್ತಿದ್ದುದು ಗಾಂಧೀಜಿಯ ದೂರಾಗಿತ್ತು. ಹರ್ಡೀಕರರು ರೂಪಿಸಿದ್ದು ಕವಾಯತು ಕಲಿತ, ಹೊಣೆ ಹಂಚಿಕೊಂಡ ಪಡೆ.

ಶುಚಿತ್ವದ ಹೊಣೆ ಹೊತ್ತವರು ಕಾಕಾ ಕಾಲೇಲಕರ. ಬೆಳಗಾವಿ ಸೀಮೆಯ ನಂಟಿದ್ದ, ಇದೇ ಊರಿನಲ್ಲಿ ಮೇಷ್ಟರಾಗಿದ್ದ ಕಾಲೇಲಕರರು ಆ ಹೊತ್ತಿಗೆ ಸಾಬರಮತಿ ಆಶ್ರಮದ ಹಿರಿಯರಲ್ಲಿ ಒಬ್ಬರು, ಗುಜರಾತಿ ಗದ್ಯದ ಹೆಸರಾಂತ ಲೇಖಕರು. ಅವರ ಜೊತೆ ಕಕ್ಕಸು ತೊಳೆಯಲು, ಕಸ ಎತ್ತಲು ನಿಂತ ಸ್ವಯಂಸೇವಕರಲ್ಲಿ ಬ್ರಾಹ್ಮಣ ತರುಣರೂ ಇದ್ದರು. ಮಡಿ ಮೈಲಿಗೆಗಳು ಊಟದ ಪಂಕ್ತಿಯನ್ನು ಆಳುತ್ತಿದ್ದ ಕಾಲದಲ್ಲಿ, ಮನೆಯಲ್ಲಿ ಕೇಳಿಬಂದಿರಬಹುದಾದ ಮಾತುಗಳನ್ನು ಊಹಿಸುವುದು ಕಷ್ಟವಲ್ಲ. ಆ ತರುಣರು ಎತ್ತಿದ್ದು ಕಸವನ್ನಷ್ಟೇ ಅಲ್ಲ. ‘ಅದು ನಮ್ಮ ಕೆಲಸವಲ್ಲ’ ಎಂಬ ಮಾತನ್ನೂ ಎತ್ತಿ ಆಚೆಗೆ ಹಾಕಿದ್ದರು.

ಬೆಳಗಾವಿಯ ಮೇಲ್ಪಂಕ್ತಿ ಅಲ್ಲಿಗೇ ನಿಲ್ಲಲಿಲ್ಲ. 1936ರ ಫೈಜಪುರ, 1938ರ ಹರಿಪುರ ಅಧಿವೇಶನಗಳಲ್ಲೂ ಶುಚಿತ್ವದ ಕೆಲಸಕ್ಕೆ ಸ್ವಯಂಸೇವಕರು ನಿಂತರು. ಈ ಕೆಲಸಕ್ಕಾಗಿ ಉಪವಾಸ ಕುಳಿತವರೂ ಉಂಟು. 1932ರಲ್ಲಿ ರತ್ನಾಗಿರಿ ಜೈಲಿನಲ್ಲಿದ್ದ ಅಪ್ಪಾಸಾಹೇಬ ಪಟವರ್ಧನರು ತಮಗೆ ಕಕ್ಕಸು ತೊಳೆಯುವ ಕೆಲಸ ಕೊಡಿ ಎಂದು ಕೇಳಿದರು. ಸವರ್ಣ ಕೈದಿಗೆ ಆ ಕೆಲಸ ಕೊಡಲಾಗದೆಂದು ಸರ್ಕಾರ ನಿರಾಕರಿಸಿತು. ಪಟವರ್ಧನರು ಆಹಾರ ಬಿಟ್ಟರು. ಯೆರವಾಡ ಜೈಲಿನಲ್ಲಿದ್ದ ಗಾಂಧೀಜಿ ಡಿಸೆಂಬರ್ 3ರಂದು ಅವರ ಬೆಂಬಲಕ್ಕೆ ತಾವೂ ಉಪವಾಸ ಹೂಡಿದರು. ವಿಷಯವನ್ನು ಪರಿಶೀಲಿಸುವ ಭರವಸೆ ಬಂದ ಮೇಲಷ್ಟೇ ಅದು ನಿಂತಿತು. ಹೊಲಸು ಎತ್ತುವುದನ್ನು ಒಂದು ಜಾತಿಯ ಕರ್ಮವೆಂದು ಬರೆದಿಟ್ಟದ್ದು ಶಾಸ್ತ್ರ ಮಾತ್ರವಲ್ಲ, ಜೈಲಿನ ನಿಯಮವೂ ಹೌದು ಎಂಬುದು ಈ ಪ್ರಸಂಗದಿಂದ ಬಯಲಾಯಿತು.

ಎದುರು ನಿಂತ ಪ್ರಶ್ನೆ

ಆದರೆ ಸ್ವಯಂಸೇವಕ ಎರಡು ದಿನ ಗುಡಿಸಿ ಹೊರಟ ಮೇಲೆ ಮೂರನೆಯ ದಿನ ಗುಡಿಸುವವರು ಯಾರು? ಈ ಪ್ರಶ್ನೆಯನ್ನು ಎಲ್ಲರಿಗಿಂತ ನೇರವಾಗಿ ಎತ್ತಿದವರು ಡಾ. ಬಿ. ಆರ್. ಅಂಬೇಡ್ಕರ್. ಜಾಡಮಾಲಿಯ ಕೆಲಸ ಪವಿತ್ರವೆಂದು ಗಾಂಧೀಜಿ ಕೊಂಡಾಡುವುದನ್ನು ಅವರು 1945ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕಟುವಾಗಿ ಟೀಕಿಸಿದರು. ಬೇರೆ ದಾರಿಯೇ ಇಲ್ಲದವನಿಗೆ ಅವನ ಕೆಲಸ ಶ್ರೇಷ್ಠವೆಂದು ಹೇಳುವುದು ಅವನನ್ನು ಅಲ್ಲೇ ಕಟ್ಟಿಹಾಕುವ ಉಪಾಯವೆಂಬುದು ಅವರ ವಾದದ ತಿರುಳು. ಸ್ವಯಂಸೇವಕನಿಗೆ ಪೊರಕೆ ಹಿಡಿಯುವ ಸ್ವಾತಂತ್ರ್ಯವಿದೆ, ಕೆಳಗಿಡುವ ಸ್ವಾತಂತ್ರ್ಯವೂ ಇದೆ. ಆ ಕೆಲಸಕ್ಕೇ ಹುಟ್ಟಿದವನೆಂದು ಸಮಾಜ ನಿರ್ಧರಿಸಿದವನಿಗೆ ಎರಡನೆಯದು ಇರಲಿಲ್ಲ.

ಗಾಂಧೀಜಿಗೂ ಈ ಕೆಲಸದ ಮಿತಿ ಅನುಭವಕ್ಕೆ ಬಂದಿತ್ತು. 1935ರಲ್ಲಿ ವಾರ್ಧಾ ಬಳಿಯ ಸಿಂದಿ ಗ್ರಾಮಕ್ಕೆ ಅವರೂ ಸಂಗಡಿಗರೂ ಬೆಳಿಗ್ಗೆ ಬಕೆಟ್ಟು ಹಿಡಿದು ಹೋಗಿ ದಾರಿಬದಿಯ ಮಲ ಎತ್ತುತ್ತಿದ್ದರು. ತಿಂಗಳುಗಳು ಕಳೆದರೂ ಹಳ್ಳಿಗರ ರೂಢಿ ಬದಲಾಗಲಿಲ್ಲ. ಆಚೆ ಓಣಿಯಲ್ಲಿ ಇನ್ನಷ್ಟು ಹೊಲಸಿದೆ ಎಂದು ದಾರಿ ತೋರಿಸುವವರೂ ಇದ್ದರಂತೆ! ಎತ್ತುವವರು ಬರುತ್ತಾರೆಂದು ಗೊತ್ತಾದರೆ ಮಾಡುವವರು ನಿಲ್ಲಿಸುವುದಿಲ್ಲ.

ಮಹಾರಾಷ್ಟ್ರದ ಗಾಡಗೆ ಬಾಬಾ ಇದಕ್ಕೆ ಬೇರೊಂದು ದಾರಿ ಕಂಡುಕೊಂಡರು. 1876ರಲ್ಲಿ ಅಮರಾವತಿ ಜಿಲ್ಲೆಯ ಅಗಸರ ಕುಟುಂಬದಲ್ಲಿ ಹುಟ್ಟಿದ ಅವರು ಶಾಲೆಯ ಮುಖ ಕಂಡವರಲ್ಲ. ಮೈಮೇಲೆ ಚಿಂದಿ, ಕೈಯಲ್ಲಿ ಪೊರಕೆ, ಜೊತೆಗೊಂದು ಮಣ್ಣಿನ ಮಡಕೆ. ಊರು ಹೊಕ್ಕೊಡನೆ ಮಾತಿಲ್ಲದೆ ಬೀದಿ ಗುಡಿಸುವರು. ಕುತೂಹಲದಿಂದ ಸೇರಿದ ಜನರೂ ಕೈಜೋಡಿಸುವರು. ಇಳಿಹೊತ್ತಿಗೆ ಬೀದಿ ಶುಚಿಯಾದ ಮೇಲೆ ರಾತ್ರಿ ಕೀರ್ತನೆ. ಅದರಲ್ಲಿ ಕುಡಿತ, ಸಾಲ, ಪ್ರಾಣಿಬಲಿ, ಅಸ್ಪೃಶ್ಯತೆಗಳಿಗೆ ಚಾಟಿಯೇಟು. ಬೀದಿಯ ಕಸವೂ ತಲೆಯ ಕಸವೂ ಒಂದೇ ದಿನದ ಕೆಲಸ. 1956ರ ಡಿಸೆಂಬರ್ 20ರಂದು ಅವರು ತೀರಿಕೊಂಡರು. 2000ದಲ್ಲಿ ಮಹಾರಾಷ್ಟ್ರ ಸರ್ಕಾರ ಆರಂಭಿಸಿದ ಗ್ರಾಮ ಸ್ವಚ್ಛತಾ ಅಭಿಯಾನಕ್ಕೆ ಅವರ ಹೆಸರನ್ನೇ ಇಟ್ಟಿತು.

ಕರ್ನಾಟಕದಲ್ಲಿ ಬದಲಾವಣೆಯ ಹೆಜ್ಜೆ ಸರ್ಕಾರದ ಕಡೆಯಿಂದಲೂ ಬಂತು. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ಪೌರಕಾರ್ಮಿಕರ ಸ್ಥಿತಿಗತಿ ಕುರಿತು ವರದಿ ಕೊಟ್ಟಿತು. ಕೇಂದ್ರದಲ್ಲಿ 1993ರಲ್ಲೊಂದು, 2013ರಲ್ಲಿ ಇನ್ನೊಂದು ಕಾಯ್ದೆ ಬಂದವು. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಊರಿನ ಕಕ್ಕಸು ತೊಳೆದ ಕುಟುಂಬಗಳ ಸದಸ್ಯರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಬೆಳಗಾವಿಯ ಆ ಡಿಸೆಂಬರ್ ಕಳೆದು 85 ವರ್ಷ ದಾಟಿತ್ತು.

ಕಸವೇ ಬದಲಾಯಿತು

ಈ ನಡುವೆ ಕಸದ ಗುಣವೂ ಬದಲಾಯಿತು. 1924ರಲ್ಲಿ ಎತ್ತಬೇಕಾಗಿದ್ದದ್ದು ಎಂಜಲೆಲೆ, ತರಕಾರಿ ಸಿಪ್ಪೆ, ಬೂದಿ, ಮಲ. ಎಲ್ಲವೂ ಮಣ್ಣಾಗುವಂಥವು. ಪ್ಲಾಸ್ಟಿಕ್ ಬಂದ ಮೇಲೆ ತಿಪ್ಪೆ ಗೊಬ್ಬರವಾಗುವುದನ್ನು ನಿಲ್ಲಿಸಿತು. ನಗರಗಳು ಕಸವನ್ನು ಹತ್ತಿರದ ಹಳ್ಳಿಗಳಿಗೆ ಸಾಗಿಸತೊಡಗಿದವು. 2012ರಲ್ಲಿ ಬೆಂಗಳೂರಿನ ಹೊರವಲಯದ ಮಾವಳ್ಳಿಪುರದಲ್ಲಿ ಕಸ ಸುರಿಯುವುದು ನಿಂತಾಗ ರಾಜಧಾನಿಯ ಬೀದಿಗಳಲ್ಲಿ ರಾಶಿ ಬಿದ್ದದ್ದನ್ನು ಜನ ಮರೆತಿಲ್ಲ. ‘ನಮ್ಮ ಬೀದಿ ಶುಚಿ’ ಎಂದರೆ ‘ಅವರ ಊರು ಹೊಲಸು’ ಎಂಬ ಅರ್ಥ ಅಂದು ಸ್ಪಷ್ಟವಾಯಿತು.

ಇದೇ ಕಾಲದಲ್ಲಿ ಸ್ವಯಂಪ್ರೇರಿತ ಕಸ ಸಂಗ್ರಹ ಜಗತ್ತಿನ ಹಲವೆಡೆ ಚಳವಳಿಯಾಯಿತು. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಸುಮಾರು 2,800 ಜನ ಮೂರು ಗಂಟೆಯಲ್ಲಿ 124 ಟನ್ ಕಸ ಎತ್ತಿದರು. ಎತ್ತಿದ್ದಕ್ಕಿಂತ ಮುಖ್ಯವಾದದ್ದು, ಅವರು ಒಂದೊಂದು ವಸ್ತುವನ್ನೂ ಚೀಟಿಯಲ್ಲಿ ಬರೆದುಕೊಂಡದ್ದು. ಯಾವ ಕಸ ಎಲ್ಲಿಂದ ಬರುತ್ತದೆಂಬ ಲೆಕ್ಕ ಸಿಕ್ಕರೆ ಬರುವ ದಾರಿಯನ್ನೇ ಮುಚ್ಚಬಹುದಲ್ಲವೇ? 1989ರಲ್ಲಿ ಆಸ್ಟ್ರೇಲಿಯದ ಇಯಾನ್ ಕಿಯರ್ನನ್ ಎಂಬ ದೋಣಿಗಾರ ಸಿಡ್ನಿ ಬಂದರಿನ ಕಸ ಎತ್ತಲು ಕರೆ ಕೊಟ್ಟಾಗ ಸುಮಾರು 40,000 ಮಂದಿ ಬಂದರು. 2008ರ ಮೇ 3ರಂದು ಪುಟ್ಟ ದೇಶ ಎಸ್ಟೋನಿಯದಲ್ಲಿ ಸುಮಾರು 50,000 ಜನ ಕಾಡುಮೇಡುಗಳಿಂದ ಒಂದೇ ದಿನ 10,000 ಟನ್ ಕಸ ಹೊರತೆಗೆದರು. ಸಂಘಟಕರು ಕಸದ ರಾಶಿಗಳೆಲ್ಲಿವೆ ಎಂದು ಮೊದಲೇ ನಕ್ಷೆ ಮಾಡಿಟ್ಟಿದ್ದರು.

ಭಾರತದಲ್ಲೂ ಕೈಗಳು ಕೂಡಿದವು. ಬೆಂಗಳೂರಿನಲ್ಲಿ 2010ರಿಂದ ಹೆಸರು ಹೇಳಿಕೊಳ್ಳದ ನಾಗರಿಕರ ಗುಂಪೊಂದು ಕಸ ಸುರಿಯುವ ಮೂಲೆಗಳನ್ನು ಗುಡಿಸಿ, ಸುಣ್ಣಬಣ್ಣ ಬಳಿದು, ಗಿಡವಿಟ್ಟು ಬರತೊಡಗಿತು. 2014ರ ಅಕ್ಟೋಬರ್ 2ರಂದು ‘ಸ್ವಚ್ಛ ಭಾರತ’ ಅಭಿಯಾನ ಆರಂಭವಾದಾಗ ಪ್ರಧಾನಿ ಪೊರಕೆ ಹಿಡಿದದ್ದು ದೆಹಲಿಯ ವಾಲ್ಮೀಕಿ ಕಾಲೊನಿಯಲ್ಲಿ. 1946ರಲ್ಲಿ ಗಾಂಧೀಜಿ ವಾಸವಿದ್ದ ಪೌರಕಾರ್ಮಿಕರ ಕೇರಿಯದು. 2015ರಿಂದ ಮಂಗಳೂರಿನ ರಾಮಕೃಷ್ಣ ಮಿಷನ್ ಭಾನುವಾರಗಳಂದು ಶ್ರಮದಾನ ನಡೆಸಿ, ಕೆಲವು ವರ್ಷ ಅದನ್ನು ಬಿಡದೆ ಮುಂದುವರಿಸಿತು. ಅದೇ ವರ್ಷ ಮುಂಬಯಿಯ ವರ್ಸೋವಾ ಕಡಲತೀರದಲ್ಲಿ ಅಫ್ರೋಜ್ ಶಾ ಎಂಬ ವಕೀಲರು ವಾರಾಂತ್ಯದ ಕೆಲಸ ಆರಂಭಿಸಿದರು. ಅಲೆಗಳು ಮತ್ತೆ ಮತ್ತೆ ಕಸ ತಂದು ಹಾಕಿದರೂ ವಾರ ವಾರವೂ ಎತ್ತಿದ್ದೇ ಆ ಕೆಲಸದ ವಿಶೇಷ.

ಈ ಎಲ್ಲ ಉದಾಹರಣೆಗಳಲ್ಲಿ ಒಂದು ಸಾಮ್ಯ ಕಾಣುತ್ತದೆ. ಒಂದು ದಿನದ ಉತ್ಸಾಹಕ್ಕೆ ನಕ್ಷೆ, ಲೆಕ್ಕ, ವಾರದ ಪಾಳಿ ಜೊತೆಗೂಡಿದಲ್ಲಿ ಕೆಲಸ ಉಳಿದಿದೆ. ಕ್ಯಾಮೆರಾ ಹೋದ ಮೇಲೆ ಪೊರಕೆಯೂ ಹೋದಲ್ಲಿ ಆದದ್ದು ತಿಪ್ಪೆ ಸಾರಿಸುವ ಕೆಲಸ ಮಾತ್ರ. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಿದವರು ಬೀದಿಗೆ ಇಳಿಯದೆಯೂ ಪೌರಕಾರ್ಮಿಕರ ಹೊರೆಯನ್ನು ಅರ್ಧ ಇಳಿಸಬಲ್ಲರು. ಕೊಳೆತ ಅನ್ನದ ನಡುವೆ ಒಡೆದ ಗಾಜು ಹುಡುಕಿ ಬೇರ್ಪಡಿಸುವ ಕೈ ಯಾರದೆಂದು ಯೋಚಿಸಿದರೆ ಅದು ಸಣ್ಣ ಸೇವೆಯೇನಲ್ಲ.

ಸ್ವಯಂಸೇವಕ ಪೌರಕಾರ್ಮಿಕನ ಬದಲಿಯಲ್ಲ, ಆಗಲೂ ಬಾರದು. ವರ್ಷವಿಡೀ ಊರು ಶುಚಿಯಾಗಿಡಲು ನ್ಯಾಯವಾದ ಸಂಬಳ, ಕೈಗವಸು, ಯಂತ್ರ, ರಜೆ, ಗೌರವ ಇರುವ ನೌಕರರೇ ಬೇಕು. ಸ್ವಯಂಸೇವಕ ಮಾಡಬಹುದಾದ ಕೆಲಸ ಬೇರೆ. ಒಂದು ಬೆಳಗಿನ ಮಟ್ಟಿಗಾದರೂ ಬೆನ್ನು ಬಗ್ಗಿಸಿ ಇನ್ನೊಬ್ಬರ ಎಂಜಲು ಎತ್ತಿದವನು ಮರುದಿನ ಬಸ್ಸಿನ ಕಿಟಕಿಯಿಂದ ಕಡಲೆಕಾಯಿ ಪೊಟ್ಟಣ ಎಸೆಯಲು ಹಿಂದೆಮುಂದೆ ನೋಡುತ್ತಾನೆ. ಬೀದಿ ಗುಡಿಸುವವರು ಎದುರಾದಾಗ ಅವರ ಮುಖ ನೋಡುತ್ತಾನೆ.

2024ರ ಡಿಸೆಂಬರಿಗೆ ಬೆಳಗಾವಿ ಅಧಿವೇಶನಕ್ಕೆ ನೂರು ವರ್ಷ ತುಂಬಿತು. ಅಂದಿನ ನಿರ್ಣಯಗಳು, ಭಾಷಣಗಳು ಗ್ರಂಥಗಳಲ್ಲಿ ಭದ್ರವಾಗಿವೆ. ಕಾಕಾ ಕಾಲೇಲಕರರ ಹಿಂದೆ ಬಕೆಟ್ಟು ಹಿಡಿದು ನಡೆದ ತರುಣರ ಹೆಸರುಗಳು ಯಾರ ಬಾಯಲ್ಲೂ ಇಲ್ಲ. ‘ಅದು ನಮ್ಮ ಕೆಲಸವಲ್ಲ’ ಎಂಬ ಕಲ್ಕತ್ತೆಯ ಮಾತು ಮಾತ್ರ ಇಂದಿಗೂ ಎಲ್ಲ ಬೀದಿಗಳಲ್ಲಿ ಕೇಳಿಬರುತ್ತದೆ. ಅದಕ್ಕೆ ಉತ್ತರ ಕೊಡುವ ಸರದಿ ಈಗ ಅಂಗಳದ ಗೆರೆಯ ಬಳಿ ಕಸದ ಮೊರ ಹಿಡಿದು ನಿಂತ ಎಲ್ಲರದು.